ಬೇಳದ ಶೋಕಮಾತೆಯ ಇಗರ್ಜಿ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ನಾಯ್ಕಾಪು, ಅನಂತಪುರ, ಸೀತಾಂಗೋಳಿಗಳನ್ನು ದಾಟಿದ ಮೇಲೆ, ನೀರ್ಚಾಲು ಬರುವುದಕ್ಕೆ ಮೊದಲು, ಬೇಳವೆಂಬ ಊರು ಸಿಗುತ್ತದೆ. ಈ ದಾರಿಯಲ್ಲಿ ನಾವು ಸುಮಾರು ಮೂವತ್ತು ವರ್ಷಗಳಿಂದ ಓಡಾಡುತ್ತಿದ್ದೇವೆ. 'ಇಗರ್ಜಿ' ಎಂದು ಹೇಳಿ ಟಿಕೇಟು ಪಡೆಯುವವರನ್ನೂ, ಭಾನುವಾರದ ಬೆಳಗ್ಗೆ ತಲೆಗೆ ಸೆರಗು ಹೊದ್ದು ಇಳಿಯುವ ಹಿರಿಯ ತಾಯಂದಿರನ್ನೂ ನೋಡಿದ್ದೇವೆ. ಆದರೆ ನಾವು ಒಮ್ಮೆಯೂ ಅಲ್ಲಿ ಇಳಿದವರಲ್ಲ. ದೂರದ ಹಳೇಬೀಡು, ಮೂಡುಬಿದಿರೆಗಳಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದ ನಾವು, ಮನೆಯ ಪಕ್ಕದಲ್ಲಿ 130 ವರ್ಷಗಳಿಗೂ ಮಿಕ್ಕಿ ನಿಂತಿರುವ ಒಂದು ದೇವಾಲಯದ ಕುರಿತು ಏನನ್ನೂ ತಿಳಿದುಕೊಳ್ಳಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಈ ನಾಚಿಕೆಯು ತಾನಾಗಿ ಬಂದುದಲ್ಲ. ಕಳೆದ ವರ್ಷ ಏಳನೆಯ ತರಗತಿಯಲ್ಲಿ ಸಮಾಜ ಪಾಠ ನಡೆಯುತ್ತಿದ್ದಾಗ ಒಬ್ಬ ಹುಡುಗ ಎದ್ದುನಿಂತು, "ಸರ್, ನಮ್ಮ ಕಡೆಗೆ ಕ್ರೈಸ್ತರು ಬಂದದ್ದು ಹೇಗೆ?" ಎಂದು ಕೇಳಿದನು. ಗಂಟೆ ಬಾರಿಸಲು ಐದೇ ನಿಮಿಷ ಉಳಿದಿತ್ತು. "ಇಂಗ್ಲಿಷರ ಜೊತೆಯಲ್ಲಿ ಬಂದರು" ಎಂದು ಹೇಳಿ ನಾವು ಮುಂದಿನ ಪಾಠಕ್ಕೆ ಹೋದೆವು. ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಕೊಂಕಣಿ ಹುಡುಗಿ ತಲೆ ತಗ್ಗಿಸಿದುದನ್ನು ನಾವು ಗಮನಿಸಿದೆವಾದರೂ ಅದರ ಅರ್ಥ ನಮಗೆ ಆಗಲಿಲ್ಲ. ಮರುದಿನ ಅವಳು ಕಚೇರಿಯ ಬಾಗಿಲಲ್ಲಿ ನಿಂತು, "ಸರ್, ನಾವು ಇಂಗ್ಲಿಷರಿಗಿಂತ ಮೊದಲೇ ಬಂದವರಂತೆ. ಅಜ್ಜ ಹೇಳಿದರು. ಬೇಕಾದರೆ ಒಂದು ದಿನ ಬೇಳಕ್ಕೆ ಬನ್ನಿ ಎಂದರು" ಎಂದಳು.

ಬೋಧನಾ ತರಬೇತಿಯ ದಿನಗಳಲ್ಲಿ ನಮ್ಮ ಗುರುಗಳೊಬ್ಬರು ಹೇಳುತ್ತಿದ್ದ ಮಾತು ಆಗ ನೆನಪಾಯಿತು. ತಿಳಿಯದ ಪ್ರಶ್ನೆ ಬಂದರೆ 'ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ' ಎನ್ನುವ ಅಧ್ಯಾಪಕನನ್ನು ಮಕ್ಕಳು ಎಂದೂ ಹಗುರವಾಗಿ ಕಾಣುವುದಿಲ್ಲ. ತಪ್ಪನ್ನು ಧೈರ್ಯವಾಗಿ ಹೇಳಿದವನನ್ನು ಮಾತ್ರ ಅವರು ಮರೆಯುವುದಿಲ್ಲ ಎಂದು ಅವರು ಎಚ್ಚರಿಸುತ್ತಿದ್ದರು. ಒಂದು ಶನಿವಾರ ನಾವು ಬೇಳದಲ್ಲಿ ಬಸ್ಸಿಳಿದೆವು.

ಹುಡುಗಿಯ ಅಜ್ಜ ನಮಗಾಗಿ ಕಾದು ನಿಂತಿದ್ದರು. ಎಂಬತ್ತರ ಸಮೀಪದ ಕೃಷಿಕರು. ಅಡಿಕೆ ತೋಟ, ಸ್ವಲ್ಪ ತೆಂಗು, ಗೇರುಮರಗಳ ಒಂದು ಗುಡ್ಡ. ನಮ್ಮೊಡನೆ ಕನ್ನಡದಲ್ಲಿ, ದಾರಿಯಲ್ಲಿ ಸಿಕ್ಕಿದ ನೆರೆಯವರೊಡನೆ ತುಳುವಿನಲ್ಲಿ, ಮೊಮ್ಮಗಳೊಡನೆ ಕೊಂಕಣಿಯಲ್ಲಿ, ಅಂಗಡಿಯವನೊಡನೆ ಮಲಯಾಳದಲ್ಲಿ ಅವರು ಮಾತನಾಡಿದರು. ಹತ್ತು ನಿಮಿಷದ ನಡಿಗೆಯಲ್ಲಿ ನಾಲ್ಕು ಭಾಷೆ! ನಮ್ಮ ಗಡಿನಾಡಿನಲ್ಲಿ ಇದನ್ನು ಯಾರೂ ಪಾಂಡಿತ್ಯವೆಂದು ಎಣಿಸುವುದಿಲ್ಲ.

ಬೇಳದ ಇಗರ್ಜಿಯು ಶೋಕಮಾತೆಗೆ, ಅಂದರೆ ಏಳು ದುಃಖಗಳನ್ನು ಸಹಿಸಿದ ಮರಿಯಮ್ಮನಿಗೆ ಸಮರ್ಪಿತವಾದುದು. ಇದರ ಸ್ಥಾಪನೆ 1890ರಲ್ಲಿ. ಗೋಥಿಕ್ ಶೈಲಿಯ ಈ ದೇವಾಲಯವು ಕಾಸರಗೋಡು ಪ್ರದೇಶದ ಹಳೆಯ ಹಾಗೂ ದೊಡ್ಡ ಇಗರ್ಜಿಗಳ ಸಾಲಿಗೆ ಸೇರಿದೆ. ಇಂದು ಪ್ರವಾಸಿಗರ ಕೈಪಿಡಿಗಳಲ್ಲಿಯೂ ಇದರ ಹೆಸರನ್ನು ಕಾಣಬಹುದು. ಗೋಥಿಕ್ ಎಂಬುದು ಯುರೋಪಿನಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿದ ಕಟ್ಟಡ ಕಲೆ. ದುಂಡು ಕಮಾನಿನ ಬದಲು ಮೊನಚಾದ ಕಮಾನು, ಕಣ್ಣನ್ನು ಮೇಲಕ್ಕೆ ಸೆಳೆಯುವ ಎತ್ತರ, ಇವು ಅದರ ಲಕ್ಷಣ. ಆದರೆ ಈ ಕರಾವಳಿಯಲ್ಲಿ ಆ ಕಲೆಯು ನಮ್ಮ ಮಣ್ಣಿಗೆ ಒಗ್ಗಿಕೊಳ್ಳಬೇಕಾಯಿತು. ಇಲ್ಲಿ ಕಟ್ಟುವವರ ಕೈಗೆ ಸಿಗುವುದು ಮುರಕಲ್ಲು. ನೆಲದಡಿಯಲ್ಲಿ ಇರುವಾಗ ಕತ್ತಿಯ ಏಟಿಗೆ ಸಿಗುವಷ್ಟು ಮೆದುವಾಗಿದ್ದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಕಂಡು, ಟಿಪ್ಪುವಿನ ಪತನಾನಂತರ ಈ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟನು. ಲೋಕದ ಭೂಗರ್ಭಶಾಸ್ತ್ರಕ್ಕೆ ಮಲಬಾರಿನ ಗುಡ್ಡದಿಂದ ಹೋದ ಶಬ್ದವದು. ನಮ್ಮ ಮನೆ, ಬಾವಿ, ದೇವಸ್ಥಾನದ ಪ್ರಾಕಾರ, ಮಸೀದಿಯ ಗೋಡೆ ಎಲ್ಲಕ್ಕೂ ಅದೇ ಕಲ್ಲು.

ಇಗರ್ಜಿಯೊಳಗೆ ಒಂದಿಷ್ಟು ಹೊತ್ತು ಕುಳಿತ ಮೇಲೆ ಅಜ್ಜ ನಮ್ಮನ್ನು ಮರದ ನೆರಳಿಗೆ ಕರೆತಂದು, "ಈಗ ಹೇಳಿ ಮಾಸ್ಟ್ರೇ, ನಿಮ್ಮ ಪಾಠದಲ್ಲಿ ಏನು ಬರೆದಿದೆ?" ಎಂದರು. ಪಾಠದಲ್ಲಿ ಏನೂ ಬರೆದಿರಲಿಲ್ಲ, ತಪ್ಪು ನಮ್ಮದೇ. ಅಂದು ಅವರಿಂದ ಕೇಳಿದುದನ್ನೂ, ಆಮೇಲೆ ಗ್ರಂಥಾಲಯದಲ್ಲಿ ಓದಿ ಖಚಿತಪಡಿಸಿಕೊಂಡುದನ್ನೂ ಸೇರಿಸಿ ಇಲ್ಲಿ ಹೇಳುತ್ತೇವೆ.

ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮಂಗಳೂರಿನಲ್ಲಿ ಅವರ ಕೋಟೆಯ ಬಳಿ ರೊಸಾರಿಯೊ ಇಗರ್ಜಿ ಹುಟ್ಟಿದ್ದು 1568ರಲ್ಲಿ. ಆದರೆ ಕೆನರಾ ಜಿಲ್ಲೆಯ ಕ್ರೈಸ್ತರಲ್ಲಿ ಬಹುಮಂದಿ ದೊರೆಗಳ ಪರಿವಾರವಾಗಿ ಬಂದವರಲ್ಲ. ಗೋವೆಯ ಬಾರ್ದೇಸ್, ಸಾಲ್ಸೆಟ್ ಮುಂತಾದ ತಾಲೂಕುಗಳಿಂದ ಬಾಳು ಅರಸಿಕೊಂಡು ಓಡಿ ಬಂದ ಕೊಂಕಣಿ ರೈತರು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಧರ್ಮವಿಚಾರಣೆಯ ಕಾಟ, ಬಿಜಾಪುರದ ಸುಲ್ತಾನನ ದಂಡಯಾತ್ರೆ, 1683ರಲ್ಲಿ ಮರಾಠರ ದಾಳಿ, ನಡುನಡುವೆ ಬರಗಾಲ, ರೋಗ, ಹೊರಲಾರದ ಕಂದಾಯ: ಇವು ಅವರನ್ನು ಅಲೆ ಅಲೆಯಾಗಿ ದಕ್ಷಿಣಕ್ಕೆ ತಳ್ಳಿದವು. ಗೋವೆಯ ಗೌಡಸಾರಸ್ವತ ಬ್ರಾಹ್ಮಣರೂ ಇದೇ ದಾರಿಯಲ್ಲಿ ಬಂದರೆಂಬುದನ್ನು ನೆನಪಿಡಬೇಕು. ಒಂದೇ ಭಾಷೆಯನ್ನಾಡುವ ಎರಡು ಸಮುದಾಯಗಳು, ಒಂದು ತನ್ನ ದೇವರನ್ನು ಉಳಿಸಿಕೊಳ್ಳಲು, ಇನ್ನೊಂದು ತನ್ನ ಹಳೆಯ ಆಚಾರಗಳನ್ನೂ ಹೊಟ್ಟೆಪಾಡನ್ನೂ ಉಳಿಸಿಕೊಳ್ಳಲು, ಒಂದೇ ಕರಾವಳಿಯನ್ನು ಆಶ್ರಯಿಸಿದವು. ಬೇಸಾಯ ಬಲ್ಲವರು ಬೇಕಾಗಿದ್ದ ಕೆಳದಿಯ ನಾಯಕರು ಈ ರೈತರಿಗೆ ನೆಲೆ ಕೊಟ್ಟರು. ಇಂಗ್ಲಿಷರು ಈ ಜಿಲ್ಲೆಯ ಒಡೆಯರಾದುದು 1799ರಲ್ಲಿ. ಅಂದರೆ ನಾವು ತರಗತಿಯಲ್ಲಿ ಮಾಡಿದ ತಪ್ಪು ಒಂದೆರಡು ವರ್ಷದ್ದಲ್ಲ, ಎರಡು ಶತಮಾನಕ್ಕೂ ಹೆಚ್ಚಿನದು.

ಈ ಕಥೆಯಲ್ಲಿ ಒಂದು ಕಣ್ಣೀರಿನ ಅಧ್ಯಾಯವಿದೆ. 1784ರಲ್ಲಿ, ಎರಡನೆಯ ಮೈಸೂರು ಯುದ್ಧದ ಕೊನೆಯಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಸಂಶಯದ ಮೇಲೆ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಇಗರ್ಜಿಗಳು ನೆಲಸಮವಾದವು. ಸೆರೆಯಾದವರ ಸಂಖ್ಯೆಯ ಕುರಿತಾಗಲಿ, ಆ ಸಂಶಯಕ್ಕೆ ಎಷ್ಟು ಆಧಾರವಿತ್ತೆಂಬ ಕುರಿತಾಗಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಹದಿನೈದು ವರ್ಷಗಳ ಬಳಿಕ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ, ಘಟ್ಟ ಇಳಿದು ಮರಳಿದವರು ಹೋದವರಿಗಿಂತ ಬಹಳ ಕಡಿಮೆಯೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಮರಳಿದವರು ಮತ್ತೆ ಸೊನ್ನೆಯಿಂದ ತೊಡಗಬೇಕಾಯಿತು. ಅಜ್ಜ ಈ ಅಧ್ಯಾಯವನ್ನು ಎರಡೇ ಮಾತಿನಲ್ಲಿ ಮುಗಿಸಿದರು. ದ್ವೇಷವನ್ನು ಮೊಮ್ಮಕ್ಕಳಿಗೆ ಬಳುವಳಿ ಕೊಡಬಾರದೆಂದು ತಮ್ಮ ತಂದೆ ಹೇಳುತ್ತಿದ್ದರಂತೆ. ಇವರ ತೋಟದ ಅಡಿಕೆ ಸುಲಿಯಲು ಬರುತ್ತಿದ್ದವರೂ, ಕೊಂಡುಹೋಗುತ್ತಿದ್ದ ವ್ಯಾಪಾರಿಯೂ ಮುಸಲ್ಮಾನರೇ.

ಇನ್ನು ಬೇಳದ ಕಥೆ. ಹಿಂದೆ ಕೆನರಾದ ಕಥೋಲಿಕರು ಗೋವೆಯ ಆರ್ಚ್‌ಬಿಷಪರ ಅಧೀನದಲ್ಲಿದ್ದರು. ಬಳಿಕ ವರಾಪುಳದ ಕಾರ್ಮೆಲ್ ಸಭೆಯ ಗುರುಗಳ ಆಡಳಿತ ಬಂತು. ಯಾರ ಅಧಿಕಾರವನ್ನು ಒಪ್ಪಬೇಕೆಂಬ ವ್ಯಾಜ್ಯದಲ್ಲಿ ಒಂದೇ ಊರಿನವರು ಎರಡು ಪಕ್ಷಗಳಾದುದೂ ಉಂಟು. 1878ರ ಕೊನೆಯ ದಿನ ಯೇಸು ಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. 1886ರಲ್ಲಿ ಪೋಪ್ ಹದಿಮೂರನೆಯ ಲಿಯೋ ಮಂಗಳೂರನ್ನು ಪೂರ್ಣ ಪ್ರಮಾಣದ ಧರ್ಮಪ್ರಾಂತವನ್ನಾಗಿ ಮಾಡಿದರು. ಇಟಲಿಯ ನಿಕೊಲಾಸ್ ಮರಿಯ ಪಗಾನಿ ಮೊದಲ ಬಿಷಪರಾದರು. ಹಳೆಯ ವ್ಯಾಜ್ಯ ಮುಗಿದು ಆಡಳಿತ ನೆಲೆಗೊಂಡ ನಾಲ್ಕೇ ವರ್ಷಗಳಲ್ಲಿ, ಅದೇ ಬಿಷಪರ ಕಾಲದಲ್ಲಿ, ಮಂಗಳೂರಿನಿಂದ ಇಷ್ಟು ದೂರದ ಬೇಳದಲ್ಲಿ ಇಗರ್ಜಿ ಎದ್ದಿತು.

'ಇಷ್ಟು ದೂರ' ಎಂದುದಕ್ಕೆ ಕಾರಣವಿದೆ. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ಅದಕ್ಕೆ ಹದಿನೇಳು ವರ್ಷ ಮೊದಲು ಬೇಳದವರು ಮಂಗಳೂರನ್ನು ಮುಟ್ಟಬೇಕಾದರೆ ಹೊಳೆಗಳನ್ನು ದೋಣಿಯಲ್ಲಿ ದಾಟಿ, ಗುಡ್ಡಗಳನ್ನು ನಡೆದೇ ಹತ್ತಬೇಕಿತ್ತು. ಮಳೆಗಾಲದಲ್ಲಿ ಮಗು ಹುಟ್ಟಿದರೆ ದೀಕ್ಷಾಸ್ನಾನಕ್ಕೆ ಎಲ್ಲಿ ಒಯ್ಯುವುದು? ಮುದುಕರು ಸಾಯುವ ಹೊತ್ತಿಗೆ ಪಾದ್ರಿಗಳನ್ನು ಎಲ್ಲಿಂದ ಕರೆತರುವುದು? ಊರಿನ ನಡುವೆ ಒಂದು ಇಗರ್ಜಿ ಬೇಕೆಂಬುದು ಆಡಂಬರದ ಆಸೆಯಾಗಿರಲಿಲ್ಲ.

ಧರ್ಮಕೇಂದ್ರವೆಂದರೇನೆಂದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಲಾರದು. ನಮಗೂ ತಿಳಿದಿರಲಿಲ್ಲ. ಅದು ಬರಿಯ ಕಟ್ಟಡವಲ್ಲ. ಗೊತ್ತಾದ ಎಲ್ಲೆಯೊಳಗಿನ ಎಲ್ಲಾ ಕಥೋಲಿಕ ಮನೆಗಳ ಕೂಟ. ಅದಕ್ಕೆ ಒಬ್ಬ ವಿಗಾರರು, ಅಂದರೆ ಮುಖ್ಯ ಗುರುಗಳು. ಮನೆಗಳನ್ನು ವಾಳೆಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೆ ಒಬ್ಬ ಗುರಿಕಾರ. ನಮ್ಮ ಗ್ರಾಮಗಳಲ್ಲಿ ಗುತ್ತು, ಬಾರಿಕೆಗಳ ಹಿರಿಯರು ಮಾಡುತ್ತಿದ್ದ ಕೆಲಸದಂಥದೇ ಅವನದು: ಮನೆಯಲ್ಲಿ ಕಾಯಿಲೆಯಾದರೆ ಸುದ್ದಿ ಮುಟ್ಟಿಸುವುದು, ಮದುವೆಗೆ ಮುಂದೆ ನಿಲ್ಲುವುದು, ಜಗಳವಾದರೆ ಮೊದಲು ಹೋಗಿ ಕೂರುವುದು.

ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದದ್ದು ಇಗರ್ಜಿಗಳ ದಫ್ತರಗಳ ವಿಚಾರ. ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯ ಬಳಿಕ ದೀಕ್ಷಾಸ್ನಾನ ಮತ್ತು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡುವುದು ಪ್ರತಿಯೊಂದು ಧರ್ಮಕೇಂದ್ರಕ್ಕೂ ಕಡ್ಡಾಯವಾಯಿತು. ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ದೇವರ ಮುಂದೆ ಹೊಣೆ ನಿಂತ ತಂದೆ ತಾಯಿ, ಗುರುಗಳ ಸಹಿ ಎಲ್ಲವೂ ಅಲ್ಲಿ ಇರುತ್ತವೆ. ಮುಂದೆ ಆ ಮಗು ಎಲ್ಲಿ ಮದುವೆಯಾದರೂ ಅದರ ಉಲ್ಲೇಖ ಮರಳಿ ಇದೇ ಸಾಲಿನ ಪಕ್ಕಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಜನನ ಮರಣಗಳ ನೋಂದಣಿಗೆ ಸಮಗ್ರ ಕಾನೂನು ಬಂದದ್ದು 1969ರಲ್ಲಿ. ಅಲ್ಲಿಯ ತನಕ, ಅದರ ಬಳಿಕವೂ ಕೆಲಕಾಲ, ಹಳ್ಳಿಯ ಶಾಲೆಗಳ ಮುಖ್ಯೋಪಾಧ್ಯಾಯರು ಏನು ಮಾಡುತ್ತಿದ್ದರೆಂಬುದು ವೃತ್ತಿಬಾಂಧವರಿಗೆ ಗೊತ್ತು. "ಯಾವಾಗ ಹುಟ್ಟಿದ?" ಎಂದರೆ "ದೊಡ್ಡ ನೆರೆ ಬಂದ ವರ್ಷ, ಆಟಿಯಲ್ಲಿ" ಎಂದು ತಂದೆ ಹೇಳುವುದು; ಮೇಷ್ಟ್ರು ಬೆರಳು ಮಡಚಿ ಮೇ ತಿಂಗಳಿನ ಒಂದು ತಾರೀಕನ್ನು ಬರೆಯುವುದು. ಹೀಗೆ ಊರಿಗೆ ಊರೇ ಮೇ ತಿಂಗಳಲ್ಲಿ ಹುಟ್ಟಿದೆ; ನಾವೂ ಹಾಗೆಯೇ ಹುಟ್ಟಿದವರು. ಕಥೋಲಿಕ ಮಕ್ಕಳು ಮಾತ್ರ ಇಗರ್ಜಿಯ ಚೀಟಿ ಹಿಡಿದು ಬರುತ್ತಿದ್ದರು. ಗೇಣಿಯ ಗದ್ದೆಯಲ್ಲಿ ದುಡಿಯುವವನ ಮಗುವೂ ಹುಟ್ಟಿದ ದಿನವನ್ನು ಯಾರೋ ಒಬ್ಬರು ಶ್ರದ್ಧೆಯಿಂದ ಬರೆದಿಟ್ಟಿದ್ದರೆಂಬುದು ಸಣ್ಣ ಮಾತಲ್ಲ.

ಅಜ್ಜನ ತಂದೆಯೂ ಗೇಣಿದಾರರಾಗಿದ್ದರು. 1970ರ ಜನವರಿ ಒಂದರಂದು ಕೇರಳದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಜಾರಿಗೆ ಬಂದು ಉಳುವವನು ಒಡೆಯನಾದನು. ಅದರ ಬೆನ್ನಿಗೇ ಕೊಲ್ಲಿ ದೇಶಗಳ ಬಾಗಿಲು ತೆರೆಯಿತು. ಈಗ ಅವರ ಮಕ್ಕಳಲ್ಲಿ ಒಬ್ಬರು ಮುಂಬಯಿಯಲ್ಲಿ, ಇಬ್ಬರು ಕೊಲ್ಲಿಯಲ್ಲಿ, ಕೊನೆಯವರು, ಅಂದರೆ ನಮ್ಮ ವಿದ್ಯಾರ್ಥಿನಿಯ ತಂದೆ, ಮನೆಯಲ್ಲಿ. ಸೀತಾಂಗೋಳಿಯಲ್ಲಿ 2012ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್‌ನ ಘಟಕ ತೆರೆದ ಮೇಲೆ ಈ ರಸ್ತೆಯುದ್ದಕ್ಕೂ ಪೇಟೆಯ ಲಕ್ಷಣಗಳು ಕಾಣತೊಡಗಿವೆ. ಹಿಂದೆ ಕುಂಬಳೆಯ ಹಿನ್ನಾಡೆನಿಸಿದ್ದ ಊರು ಪೇಟೆಯ ಸೆರಗಾಗುತ್ತಿದೆ. ದೂರ ಹೋದ ಮಕ್ಕಳು ಮದುವೆಯ ಕಾಲಕ್ಕೆ ತಾವು ಹುಟ್ಟಿದ ದಾಖಲೆ ಬೇಕೆಂದು ಈಗಲೂ ಬರೆಯುವುದು ಬೇಳಕ್ಕೆ.

ಶೋಕಮಾತೆಯ ಏಳು ದುಃಖಗಳನ್ನು ಅಜ್ಜ ಬೆರಳೆಣಿಸಿ ಹೇಳಿದರು. ಮಗುವಿನ ಮುಂದಿನ ಸಂಕಟವನ್ನು ಮುದುಕ ಸಿಮೆಯೋನನು ಮುಂಗಂಡು ನುಡಿದದ್ದು, ರಾತ್ರೋರಾತ್ರಿ ಮಗುವನ್ನೆತ್ತಿಕೊಂಡು ಈಜಿಪ್ಟಿಗೆ ಓಡಿದ್ದು, ಹನ್ನೆರಡರ ಬಾಲಕ ಮೂರು ದಿನ ಕಾಣದಾದದ್ದು, ಶಿಲುಬೆ ಹೊತ್ತ ಮಗನನ್ನು ದಾರಿಯಲ್ಲಿ ಕಂಡದ್ದು, ಶಿಲುಬೆಯ ಬುಡದಲ್ಲಿ ನಿಂತದ್ದು, ಇಳಿಸಿದ ಶರೀರವನ್ನು ಮಡಿಲಲ್ಲಿ ತಾಳಿದ್ದು, ಸಮಾಧಿ ಮಾಡಿದ್ದು. ಜಗತ್ತಿನ ಕಥೋಲಿಕರು ಈ ಸ್ಮರಣೆಯನ್ನು ಸೆಪ್ಟೆಂಬರ್ 15ರಂದು ಆಚರಿಸುತ್ತಾರೆ. ಅದಕ್ಕೆ ಏಳು ದಿನ ಮೊದಲು, ಸೆಪ್ಟೆಂಬರ್ 8ರಂದು, ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸಿ, ಮನೆಮಂದಿಯೆಲ್ಲ ಹೊಸ ಅಕ್ಕಿ ಉಣ್ಣುವ 'ಮೊಂತಿ ಫೆಸ್ತ್'. ನಮ್ಮ ಮನೆಗಳ ಹೊಸ್ತಿನ ಹಬ್ಬವೇ ಅದು. ತೆನೆಯೂ ಅದೇ, ಗದ್ದೆಯೂ ಅದೇ. ಓಡಿಬಂದವರು, ಸೆರೆಯಾದವರು, ಮರಳಿ ನೆಲೆ ಊರಿದವರು ತಮ್ಮ ಇಗರ್ಜಿಗೆ, ಮಗುವನ್ನೆತ್ತಿಕೊಂಡು ಗಡಿ ದಾಟಿದ ತಾಯಿಯ ಹೆಸರನ್ನೇ ಇಟ್ಟುದರಲ್ಲಿ ನಮಗೆ ಆಶ್ಚರ್ಯ ಕಾಣಲಿಲ್ಲ.

ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು 'ಗೊಲ್ಗೊಥಾ' ಎಂಬ ಖಂಡಕಾವ್ಯವನ್ನು ಬರೆದುದು ಕನ್ನಡಿಗರೆಲ್ಲರಿಗೂ ಗೊತ್ತು. ಪೈಗಳ ಮನೆಮಾತು ಕೊಂಕಣಿ, ಕಾವ್ಯ ಕನ್ನಡ, ಕಥಾವಸ್ತು ನೆರೆಮನೆಯವರ ದೇವರದು. ಶಾಲೆಯಲ್ಲಿ ವರ್ಷ ವರ್ಷವೂ ಪೈಗಳ ಹೆಸರು ಹೇಳುವ ನಾವು, ಆ ಕಾವ್ಯದ ಓದುಗರು ಬೇಳದ ತೋಟಗಳಲ್ಲಿಯೂ ಇರಬಹುದೆಂದು ಯೋಚಿಸಿರಲಿಲ್ಲ.

ಭಾಷೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ನಡೆಯುವ ತನಕ ಇಗರ್ಜಿಯ ಬಲಿಪೂಜೆ ಲ್ಯಾಟಿನಿನಲ್ಲಿ ನಡೆಯುತ್ತಿತ್ತು, ಆಮೇಲೆ ಕೊಂಕಣಿಯಲ್ಲಿ. ಆದರೆ ಈ ಕರಾವಳಿಯ ಕಥೋಲಿಕರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. ಇಟಲಿಯ ಮಫೇಯಿ ಎಂಬ ಯೇಸು ಸಭೆಯ ಗುರುಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದರು; ಅಚ್ಚಾದುದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದ ಅದೇ ಮನೆಯಲ್ಲಿ. 1938ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ 'ರಾಕ್ಣೊ' ಪತ್ರಿಕೆಯೂ ಕನ್ನಡ ಅಕ್ಷರದ ಕೊಂಕಣಿಯೇ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಯದ ಮಗುವಿಗೆ ತನ್ನ ಅಜ್ಜಿಯ ಪ್ರಾರ್ಥನಾ ಪುಸ್ತಕವೂ ಓದಲು ಬಾರದು! "ನಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವುದು ನಿಮ್ಮ ಮೇಲಿನ ದಾಕ್ಷಿಣ್ಯಕ್ಕಲ್ಲ ಮಾಸ್ಟ್ರೇ" ಎಂದು ಅಜ್ಜ ನಕ್ಕರು.

1956ರ ನವೆಂಬರ್ ಒಂದರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಜೀವನವಿಡೀ ಹೋರಾಡಿದ್ದು, 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಹೇಳಿದ್ದು, ಅದು ಹಾಗೆಯೇ ಉಳಿದದ್ದು, 1984ರಲ್ಲಿ ಕಾಸರಗೋಡು ಜಿಲ್ಲೆಯಾದದ್ದು, ಇವೆಲ್ಲ ಓದುಗರಿಗೆ ತಿಳಿದ ವಿಷಯ. ಆದರೆ ನಕಾಶೆಯಲ್ಲಿ ಗೆರೆ ಬಿದ್ದಾಗ ಧರ್ಮಪ್ರಾಂತದ ಗೆರೆ ಕದಲಲಿಲ್ಲವೆಂಬುದನ್ನು ನಾವು ಅಂದೇ ತಿಳಿದೆವು. ಮಂಜೇಶ್ವರ, ವರ್ಕಾಡಿ, ಕಯ್ಯಾರು, ಕುಂಬಳೆ, ಬೇಳ, ನಾರಂಪಾಡಿ, ಉಕ್ಕಿನಡ್ಕದ ಇಗರ್ಜಿಗಳು ಇಂದಿಗೂ ಮಂಗಳೂರಿನ ಬಿಷಪರಿಗೆ ಸೇರಿದವು. ಮಲಬಾರಿನ ಭಾಗ 1923ರಲ್ಲಿ ಕಲ್ಲಿಕೋಟೆಯ ಧರ್ಮಪ್ರಾಂತವಾಗಿ ಪ್ರತ್ಯೇಕವಾಯಿತು. ಜಿಲ್ಲೆಯ ಮೂಡಣ ಬೆಟ್ಟಗಳಿಗೆ ತಿರುವಾಂಕೂರಿನಿಂದ ವಲಸೆ ಬಂದು 1943ರಲ್ಲಿ ರಾಜಪುರಂನಂಥ ಊರುಗಳನ್ನು ಕಟ್ಟಿದ ಮಲಯಾಳಿ ಕ್ರೈಸ್ತರು ಬೇರೆಯೇ ಪರಂಪರೆಯವರು. ಅವರದು ಸುರಿಯಾನಿ ವಿಧಿ. ಬೇಳದವರಿಗೆ ಅರ್ಜಿ ಕೊಡಲು ತಿರುವನಂತಪುರ, ಗುರುಗಳ ವರ್ಗಾವಣೆಗೆ ಮಂಗಳೂರು.

ಇದರಿಂದ ಒಳ್ಳೆಯದೂ ಆಗಿದೆ, ಸಂಕಟವೂ ಆಗಿದೆ. 2020ರ ಮಾರ್ಚಿನಲ್ಲಿ, ಸಾಂಕ್ರಾಮಿಕದ ಕಾಲದಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದುದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟುದು ಗಡಿನಾಡಿನವರ್ಯಾರೂ ಮರೆಯುವಂಥದಲ್ಲ. ಆ ದಿನಗಳಲ್ಲಿ ಅಜ್ಜನ ಅಕ್ಕ ಮಂಗಳೂರಿನ ಬಳಿ ತೀರಿಕೊಂಡರು. ಒಂದೇ ಬಿಷಪರ ಎರಡು ಇಗರ್ಜಿಗಳ ನಡುವೆ ಒಡಹುಟ್ಟಿದವನಿಗೆ ದಾರಿಯಿರಲಿಲ್ಲ. ಅಂದು ಸಂಜೆ ಮನೆಯಲ್ಲಿ ಜಪಸರ ಹಿಡಿದು ಕುಳಿತು ಪ್ರಾರ್ಥಿಸಿದೆವು ಎಂದರು. ಅಷ್ಟು ಹೇಳಿ ಸುಮ್ಮನಾದರು, ನಾವೂ ಸುಮ್ಮನಿದ್ದೆವು.

ಹೊರಡುವ ಮೊದಲು ಅವರು ಒಂದು ಮಾತು ಕೇಳಿದರು. "ನನ್ನ ಮೊಮ್ಮಗಳನ್ನು ಒಂದನೆಯ ತರಗತಿಗೆ ಸೇರಿಸಿದಾಗ ಮಾತೃಭಾಷೆಯ ಕಲಮಿನಲ್ಲಿ ಕನ್ನಡ ಎಂದು ಬರೆದಿದ್ದೀರಿ. ನಾವು ಹೇಳಿದ್ದು ಕೊಂಕಣಿ. ಯಾಕೆ ಹಾಗೆ?"

ಸತ್ಯವನ್ನು ಹೇಳಬೇಕಾಯಿತು. ತುಳುವರ, ಕೊಂಕಣಿಗರ, ಮರಾಠಿಗರ ಮಕ್ಕಳೆಲ್ಲರಿಗೂ ನಾವು ಕನ್ನಡವೆಂದೇ ಬರೆಯುತ್ತ ಬಂದಿದ್ದೆವು. ಗಣತಿಯಲ್ಲಿ ಕನ್ನಡ ಮನೆಮಾತಿನವರ ಸಂಖ್ಯೆ ಕಡಿಮೆ ಕಂಡರೆ ಶಾಲೆಗೆ, ಹುದ್ದೆಗೆ, ಹಕ್ಕಿಗೆ ಕುತ್ತು ಬಂದೀತೆಂಬ ಭಯ ನಮ್ಮಂಥ ಅಧ್ಯಾಪಕರಿಗೆ ಮೊದಲಿನಿಂದಲೂ ಇದೆ. 2017ರಲ್ಲಿ ಎಲ್ಲ ಶಾಲೆಗಳಲ್ಲಿಯೂ ಮಲಯಾಳ ಕಲಿಕೆ ಕಡ್ಡಾಯವೆಂಬ ಕಾನೂನು ಬಂದಾಗ ನಮ್ಮವರೆಲ್ಲ ಬೀದಿಗಿಳಿದು ಪ್ರತಿಭಟಿಸಿದ್ದೆವು. ಇನ್ನೊಬ್ಬರು ನಮ್ಮ ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದಕ್ಕೆ ನೊಂದ ನಾವೇ, ಒಂದು ಮಗುವಿನ ತಾಯಿನುಡಿಯನ್ನು ಅವಳ ಎದುರಿನಲ್ಲೇ ಅಳಿಸಿ ನಮ್ಮದನ್ನು ಬರೆದಿದ್ದೆವು. ಕೊಂಕಣಿಯು 1992ರಿಂದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಭಾಷೆಯೆಂಬುದನ್ನು ತರಗತಿಯಲ್ಲಿ ಹೇಳಿಕೊಡುವವರೂ ನಾವೇ.

ಅಜ್ಜ ಸಿಟ್ಟಾಗಲಿಲ್ಲ. "ಎರಡು ಕಲಮುಗಳಿವೆಯಲ್ಲವೆ? ಮಾತೃಭಾಷೆ ಒಂದು, ಕಲಿಕೆಯ ಮಾಧ್ಯಮ ಇನ್ನೊಂದು. ಎರಡರಲ್ಲಿಯೂ ಇದ್ದುದನ್ನೇ ಬರೆಯಿರಿ" ಎಂದರು. ಬಸ್ಸು ಬಂದಾಗ "ದೇವ್ ಬರೆಂ ಕರುಂ" ಎಂದು ಬೀಳ್ಕೊಟ್ಟರು. ದೇವರು ಒಳ್ಳೆಯದು ಮಾಡಲಿ ಎಂದು ಅದರ ಅರ್ಥ. ಕೊಂಕಣಿಯಲ್ಲಿ ಕೃತಜ್ಞತೆ ಹೇಳುವ ಕ್ರಮವೂ ಅದೇ.

ಸೋಮವಾರ ಏಳನೆಯ ತರಗತಿಯಲ್ಲಿ, "ಮೊನ್ನೆ ನಾನು ಹೇಳಿದ್ದು ತಪ್ಪು" ಎಂದು ಆರಂಭಿಸಿದೆವು. ಮಕ್ಕಳ ಕಿವಿ ನಿಮಿರಿತು. ಮೇಷ್ಟ್ರ ತಪ್ಪಿನಷ್ಟು ಸ್ವಾರಸ್ಯದ ಪಾಠ ಅವರಿಗೆ ಬೇರೆಯಿಲ್ಲ. ಪೋರ್ಚುಗೀಸರಿಂದ ನಮ್ಮ ಮಾತಿಗೆ ಬಂದ ಶಬ್ದಗಳನ್ನು ಕೋಣೆಯೊಳಗೇ ಹುಡುಕಲು ಹೇಳಿದೆವು: ಮೇಜು, ಅಲಮಾರು, ಜನೇಲು, ಚಾವಿ, ಮೂಲೆಯ ಬಾಲ್ದಿ. ಗೋಡೆ ಕಟ್ಟಿದ ಮೇಸ್ತ್ರಿ. ಊಟದ ಬುತ್ತಿಯ ಬಟಾಟೆ, ಅಂಗಳದಾಚೆಯ ಪಪ್ಪಾಯಿ, ಅನಾನಸು. ಗುಡ್ಡದ ತುಂಬ ಬೆಳೆದಿರುವ ಗೇರು ಅವರು ಬ್ರೆಜಿಲಿನಿಂದ ತಂದದ್ದು. ಅದಕ್ಕೇ ಮಲಯಾಳದಲ್ಲಿ ಅದು ಪರಂಗಿ ಮಾವು. ಕಪ್ಪುಹಲಗೆ ತುಂಬಿತು. ಆ ಬಳಿಕ ಬೇಳದ ಇಗರ್ಜಿಯ ಹೆಸರು, 1890 ಎಂಬ ಅಂಕಿ. ಮೂರನೆಯ ಬೆಂಚಿನ ಹುಡುಗಿಯನ್ನು ಕರೆದು ಏಳು ದುಃಖಗಳ ಕಥೆ ಹೇಳಿಸಿದೆವು. ಮೂರು ದಿನ ಮಗು ಕಾಣೆಯಾದ ಸಂದರ್ಭಕ್ಕೆ ಬಂದಾಗ, ಮೊದಲು ಪ್ರಶ್ನೆ ಕೇಳಿದ ಹುಡುಗನೇ, "ಆಮೇಲೆ ಸಿಕ್ಕಿದನಾ?" ಎಂದು ಎದ್ದುನಿಂತನು.

ನಮ್ಮ ಶಾಲೆ ಏಳನೆಯದಕ್ಕೇ ಮುಗಿಯುತ್ತದೆ. ವರ್ಷದ ಕೊನೆಯಲ್ಲಿ ಆ ಹುಡುಗಿ ವರ್ಗಾವಣೆ ಪತ್ರ ಪಡೆದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದಳು. ಮುಂದಿನ ಓದು, ಉದ್ಯೋಗ ಎಂದು ಅವಳ ತಾಯಿ ಸಂಕೋಚದಿಂದಲೇ ಹೇಳಿದರು; ನಾವು ತಡೆಯುವಂತಿರಲಿಲ್ಲ. ಅವಳ ಪತ್ರದಲ್ಲಿ ಹಳೆಯ ತಪ್ಪನ್ನು ಕ್ರಮಪ್ರಕಾರ ತಿದ್ದಿ ಸಹಿ ಹಾಕಿದೆವು.

ಜೂನ್ ಒಂದರಂದು ಶಾಲೆ ತೆರೆಯಿತು. ಆ ಬಾರಿ ಒಂದನೆಯ ತರಗತಿಗೆ ಬಂದವರು ಒಂಬತ್ತೇ ಮಕ್ಕಳು. ಒಂಬತ್ತನೆಯವನು ಅದೇ ಹುಡುಗಿಯ ತಮ್ಮ. ಮಳೆಯಲ್ಲಿ ಕೊಡೆ ಹಿಡಿದು ಕರೆತಂದವರು ಅಜ್ಜ; ಇಗರ್ಜಿಯ ಚೀಟಿಯನ್ನು ಪ್ಲಾಸ್ಟಿಕ್ಕಿನೊಳಗೆ ಜೋಪಾನವಾಗಿಟ್ಟು ತಂದಿದ್ದರು, ಪಂಚಾಯತಿನ ಜನನ ಪ್ರಮಾಣಪತ್ರವಿದ್ದರೂ ಹಳೆಯ ವಾಡಿಕೆ ಬಿಡದೆ. ನಾವು ದಾಖಲಾತಿ ಪುಸ್ತಕ ತೆರೆದೆವು. ಮಾತೃಭಾಷೆ: ಕೊಂಕಣಿ. ಮಾಧ್ಯಮ: ಕನ್ನಡ. ಅಜ್ಜ ಕನ್ನಡಕ ಏರಿಸಿ ಎರಡನ್ನೂ ಓದಿ ನೋಡಿ, ಹೆಬ್ಬೆಟ್ಟಲ್ಲ, ದುಂಡನೆಯ ಕನ್ನಡ ಅಕ್ಷರಗಳಲ್ಲಿ ರುಜು ಮಾಡಿದರು.